ಹಿಂದೆ ಭಾರ ಹೇರಿದ ದೋಣಿ

ಪುಟ್ಟೀ,

ಮೊನ್ನೆ ಭಾನುವಾರ ಫೋನಿನಲ್ಲಿ ನೀನಂದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ‘ಅಜ್ಜಾ, ಪಿಎಚ್‌ಡಿಗೆ ಸೇರಿ ವರ್ಷವಾಗುತ್ತ ಬಂತು. ಬೇರೆಯವರು ಬರೆದದ್ದನ್ನು ಓದಿದೆ, ಬೇರೆಯವರು ಮಾಡಿದ ಪ್ರಯೋಗವನ್ನೇ ತಿರುಗಿ ಮಾಡಿದೆ, ಗಾಜಿನ ಸಾಮಾನು ತೊಳೆದೆ. ಹೊಸದು ಅಂತ ಒಂದು ಕಡ್ಡಿಯಷ್ಟೂ ಇಲ್ಲ’ ಅಂದೆ. ನಾನು ‘ಎಲ್ಲ ಆಗುತ್ತೆ ಬಿಡು’ ಅಂದು ಫೋನನ್ನು ನಿನ್ನಜ್ಜಿಯ ಕೈಗೆ ಕೊಟ್ಟುಬಿಟ್ಟೆ. ಅದು ಸಮಾಧಾನವೂ ಅಲ್ಲ, ಉತ್ತರವೂ ಅಲ್ಲ, ಜಾರಿಕೊಳ್ಳುವ ಮಾತು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಉದ್ದವಾಯಿತು ಅನ್ನಿಸಿದರೆ ಎರಡು ಸಲಕ್ಕೆ ಓದಿಕೊ.

ಹೋದ ವರ್ಷ ನಾನೂ ನಿನ್ನಜ್ಜಿಯೂ ಸೇಂಟ್ ಚಾರ್ಲ್ಸಿನ ನಿಮ್ಮ ಮನೆಯಲ್ಲಿ ಆರು ತಿಂಗಳು ಇದ್ದಾಗ ನಾನು ದಿನಾ ಬೆಳಗ್ಗೆ ಮಿಸೌರಿ ನದಿಯ ಕಡೆ ಹೋಗುತ್ತಿದ್ದೆ. ಹಳೇ ರೈಲುದಾರಿಯನ್ನು ನಡೆಯುವವರ ಹಾದಿ ಮಾಡಿದ್ದಾರಲ್ಲ, ಅದನ್ನು ಹಿಡಿದು ಪಾರ್ಕಿಗೆ. ಅಲ್ಲಿ ಕಂಚಿನಲ್ಲಿ ಇಬ್ಬರು ಗಂಡಸರು, ಜೊತೆಗೊಂದು ದೊಡ್ಡ ನಾಯಿ. ಮೆರಿವೆದರ್ ಲೂಯಿಸ್, ವಿಲಿಯಂ ಕ್ಲಾರ್ಕ್. ನಾಯಿಯ ಹೆಸರು ಸೀಮನ್. ಮೊದಲ ವಾರ ಅವರ ಕಾಲಬುಡದಲ್ಲಿ ಕೂತು ಬೂಟಿನ ಲಾಡಿ ಕಟ್ಟಿಕೊಳ್ಳುತ್ತಿದ್ದೆ, ಅಷ್ಟೇ ಪರಿಚಯ. ಆಮೇಲೆ ನಿನ್ನಪ್ಪ ಲೈಬ್ರರಿಯಿಂದ ಅವರ ದಿನಚರಿಯ ಸಂಪುಟಗಳನ್ನು ತಂದುಕೊಟ್ಟರು. ಜೀವಮಾನವೆಲ್ಲ ಸರ್ವೆ ಪಾರ್ಟಿಯಲ್ಲಿ ಫೀಲ್ಡ್ ಬುಕ್ ಬರೆದವನಿಗೆ ಇನ್ನೊಬ್ಬರ ಫೀಲ್ಡ್ ಬುಕ್ ಸಿಕ್ಕಿದರೆ ಮುಗಿಯಿತು. ಊಟಕ್ಕೆ ಕರೆದರೂ ಏಳುವುದಿಲ್ಲ ಅಂತ ಅಜ್ಜಿ ಬೈದದ್ದೂ ಆಯಿತು.

ಎಲ್ಲರೂ ಹೇಳುವುದು ಇವರ ಕೊನೆಯ ಕಥೆ. ಬೆಟ್ಟ ದಾಟಿದರು, ಪೆಸಿಫಿಕ್ ಸಾಗರ ಮುಟ್ಟಿದರು, 1806ರಲ್ಲಿ ಸೇಂಟ್ ಲೂಯಿಸಿಗೆ ವಾಪಸು ಬಂದರು. ನಾನು ನಿನಗೆ ಹೇಳಬೇಕೆಂದಿರುವುದು ಮೊದಲಿನ ಒಂದೂವರೆ ವರ್ಷದ್ದು. ಅದನ್ನು ಯಾರೂ ಹಾಡಿ ಹೊಗಳುವುದಿಲ್ಲ. ಹೊಗಳುವಂಥದ್ದು ಅದರಲ್ಲಿ ಹೆಚ್ಚೇನೂ ಇಲ್ಲ ಎಂಬುದೂ ನಿಜ.

1803ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಜೆಫರ್ಸನ್ ಗುಟ್ಟಾಗಿ ಸಂಸತ್ತನ್ನು ಕೇಳಿದ್ದು 2,500 ಡಾಲರ್. ಮಿಸೌರಿ ನದಿಯನ್ನು ಅದರ ಮೂಲದ ತನಕ ಹತ್ತಿ, ಅಲ್ಲಿಂದ ಪಡುವಣ ಸಾಗರಕ್ಕೆ ನೀರಿನ ದಾರಿ ಇದೆಯೇ ನೋಡಿ ಬರಬೇಕು. ಹೊರಡಬೇಕಾದವನು ಅವರ ಖಾಸಾ ಕಾರ್ಯದರ್ಶಿ ಲೂಯಿಸ್, ಆಗಿನ್ನೂ ಮೂವತ್ತು ತುಂಬದವನು. ಆ ಹುಡುಗ ಮೊದಲು ಮಾಡಿದ್ದೇನು ಗೊತ್ತೆ? ಶಾಲೆಗೆ ಹೋದ. ಫಿಲಡೆಲ್ಫಿಯಾದ ವೈದ್ಯರೊಬ್ಬರಿಂದ ಔಷಧ, ಸಸ್ಯಶಾಸ್ತ್ರಜ್ಞರಿಂದ ಗಿಡ ಒತ್ತಿ ಒಣಗಿಸಿಡುವ ಕ್ರಮ, ಸರ್ವೇಯರ್ ಆಂಡ್ರ್ಯೂ ಎಲಿಕಾಟರಿಂದ ಆಕಾಶ ನೋಡಿ ಅಕ್ಷಾಂಶ ರೇಖಾಂಶ ತೆಗೆಯುವ ವಿದ್ಯೆ. ನೀನು ‘ಕೋರ್ಸ್‌ವರ್ಕ್’ ಅಂತ ಮೂಗು ಮುರಿಯುತ್ತೀಯಲ್ಲ, ಅದೇ.

ಆಮೇಲೆ ಸಾಮಾನು ಕೊಂಡ. ಆ ಪಟ್ಟಿಯನ್ನು ನಾನು ದೇವರ ಪೂಜೆಯ ಪಟ್ಟಿ ಓದಿದ ಹಾಗೆ ಓದಿದೆ. ಸೊಳ್ಳೆಪರದೆ, ಶಾಯಿಯ ಪುಡಿ, ಸೂಜಿ, ಕನ್ನಡಿ, ಮಣಿ, ತಂಬಾಕು, 193 ಪೌಂಡು ಒಣ ಸಾರು. ಎಲ್ಲಕ್ಕಿಂತ ನನಗೆ ಮೆಚ್ಚಿಗೆಯಾದದ್ದು ಕೋವಿಮದ್ದಿನ ಡಬ್ಬಿಗಳು. ಮದ್ದು ನೀರಿಗೆ ಬಿದ್ದರೆ ಹಾಳು. ಅದಕ್ಕೆ ಲೂಯಿಸ್ ಸೀಸದಲ್ಲಿ 52 ಡಬ್ಬಿ ಮಾಡಿಸಿದ. ಒಂದೊಂದರಲ್ಲಿ ನಾಲ್ಕು ಪೌಂಡು ಮದ್ದು. ಡಬ್ಬಿಯ ತೂಕವೇ ಎಂಟು ಪೌಂಡು. ದೋಣಿಯಲ್ಲಿ ಇಷ್ಟು ಭಾರ ಯಾಕೆ ಅನ್ನಿಸುತ್ತದಲ್ಲವೆ? ಮದ್ದು ಮುಗಿದಾಗ ಡಬ್ಬಿಯನ್ನೇ ಕರಗಿಸಿ ಎರಕ ಹೊಯ್ದರೆ, ಒಳಗಿದ್ದ ಮದ್ದಿಗೆ ಎಷ್ಟು ಗುಂಡು ಬೇಕೋ ಅಷ್ಟು ಗುಂಡು ಸಿಗುತ್ತದೆ. ಹೊತ್ತದ್ದರಲ್ಲಿ ಎಳ್ಳಷ್ಟೂ ದಂಡವಿಲ್ಲ. ಇದನ್ನು ಯೋಚಿಸಿದ್ದು ನದಿಯ ಮೇಲಲ್ಲ, ಊರಲ್ಲಿ ಕೂತು, ಏನೂ ನಡೆಯುತ್ತಿಲ್ಲ ಅಂತ ಜನ ಅಂದುಕೊಂಡಿದ್ದ ತಿಂಗಳುಗಳಲ್ಲಿ.

ಇದೇ ಬುದ್ಧಿವಂತ ಇನ್ನೊಂದು ಸಾಮಾನನ್ನೂ ಮಾಡಿಸಿಕೊಂಡ: ಬಿಚ್ಚಿ ಜೋಡಿಸುವ ಕಬ್ಬಿಣದ ದೋಣಿಯ ಹಂದರ. ಮೇಲೆ ಚರ್ಮ ಹೊದೆಸಿದರೆ ಆಯಿತು ಅಂತ ಅವನ ಲೆಕ್ಕ. ಆ ಕಬ್ಬಿಣವನ್ನು ಎರಡು ವರ್ಷ ಹೊತ್ತು, 1805ರ ಜುಲೈನಲ್ಲಿ ಜೋಡಿಸಿ ನೀರಿಗಿಳಿಸಿದಾಗ ಹೊಲಿಗೆಗಳಲ್ಲೆಲ್ಲ ನೀರು ಬಂತು. ಮೆತ್ತಲು ಬೇಕಾದ ಮರದ ಅಂಟು ಆ ಸೀಮೆಯಲ್ಲಿ ಇರಲಿಲ್ಲ. ಅಲ್ಲೇ ಬಿಟ್ಟು ಮುಂದೆ ಹೋದರು. ನಿನ್ನ ತಲೆಯಲ್ಲೂ ಇಂಥದ್ದೊಂದು ಮುದ್ದಿನ ಕಬ್ಬಿಣದ ದೋಣಿ ಇರುತ್ತದೆ, ಪುಟ್ಟಿ. ಇರಲಿ, ಬೇಡವೆನ್ನುವುದಿಲ್ಲ. ಒಂದು ಸಣ್ಣ ಕೆರೆಯಲ್ಲಿ ಮೊದಲೇ ತೇಲಿಸಿ ನೋಡಿಕೊ.

ಮುಖ್ಯ ದೋಣಿ ಪಿಟ್ಸ್‌ಬರ್ಗಿನಲ್ಲಿ ಕಟ್ಟಬೇಕಿತ್ತು, 55 ಅಡಿ ಉದ್ದದ್ದು. ಜುಲೈನಲ್ಲಿ ಕೊಡುತ್ತೇನೆಂದ ಬಡಗಿ ಕುಡಿದು ಮಲಗಿದ. ಲೂಯಿಸ್ ಬೈದ, ಬೇಡಿದ, ದಿನಾ ಹೋಗಿ ಎದುರಿಗೆ ನಿಂತ. ಕಡೆಗೆ ಆಗಸ್ಟ್ 31ರ ಬೆಳಗ್ಗೆ ದೋಣಿ ಕೈಗೆ ಬಂತು, ಅವತ್ತೇ ಹೊರಟ. ಅಷ್ಟರಲ್ಲಿ ಓಹಾಯೊ ನದಿ ಬತ್ತಿ, ಕೆಲವು ಕಡೆ ದೋಣಿಯನ್ನು ಎತ್ತು ಕುದುರೆ ಕಟ್ಟಿ ಎಳೆಸಬೇಕಾಯಿತು. ನಡುದಾರಿಯಲ್ಲಿ ಕ್ಲಾರ್ಕ್ ಸೇರಿಕೊಂಡ. ಅವನನ್ನು ಕರೆದಾಗ ಲೂಯಿಸ್ ಸಮಾನ ಪದವಿಯ ಮಾತು ಕೊಟ್ಟಿದ್ದ. ಸೇನಾ ಕಚೇರಿಯಿಂದ ಬಂದದ್ದು ಕೆಳಗಿನ ದರ್ಜೆಯ ಆದೇಶ. ಇಬ್ಬರೂ ಆ ಕಾಗದವನ್ನು ಮುಚ್ಚಿಟ್ಟು, ಕಡೆಯ ದಿನದ ತನಕ ಇಬ್ಬರೂ ಕ್ಯಾಪ್ಟನ್ ಅಂತಲೇ ನಡೆದುಕೊಂಡರು. ಸರ್ಕಾರ ಆ ತಪ್ಪನ್ನು ತಿದ್ದಿದ್ದು 2001ರಲ್ಲಿ. ಕಾಗದ ನಿಧಾನ ಅಂತ ನೀನು ದೂರುವಾಗೆಲ್ಲ ನನಗೆ ಇದು ನೆನಪಾಗಿ ನಗು ಬರುತ್ತದೆ.

ಮಿಸೌರಿಯ ಬಾಯಿಗೆ ಬಂದಾಗ ಡಿಸೆಂಬರ್. ಆಚೆ ದಡದ ಸ್ಪೇನಿನ ಅಧಿಕಾರಿ, ಪತ್ರ ಬರುವ ತನಕ ನದಿ ಹತ್ತಕೂಡದು ಅಂದ. ಲೂಸಿಯಾನವನ್ನು ಅಮೆರಿಕ ಕೊಂಡಾಗಿದೆ, ಆದರೆ ಹಸ್ತಾಂತರ ಆಗಿಲ್ಲ. ಹಾಗಾಗಿ ವುಡ್ ರಿವರ್ ಎಂಬ ಹೊಳೆಯ ಪಕ್ಕ ಗುಡಿಸಲು ಕಟ್ಟಿಕೊಂಡು ಐದು ತಿಂಗಳು ಕೂತರು. ಹೊರಡುವ ಮೊದಲೇ ವರ್ಷ ಹೋಯಿತು!

ಆ ಐದು ತಿಂಗಳು ಹುಡುಗರು ಕುಡಿದರು, ಬಡಿದಾಡಿದರು. ಕ್ಲಾರ್ಕ್ ಸುಮ್ಮನೆ ಕೂರಲಿಲ್ಲ. ದೋಣಿಯ ಎರಡೂ ಅಂಚಿಗೆ ಉದ್ದಕ್ಕೆ ಪೆಟ್ಟಿಗೆಗಳನ್ನು ಹೊಡೆಸಿದ. ಮುಚ್ಚಳ ಹಾಕಿದ್ದರೆ ಅದರ ಮೇಲೆ ನಡೆಯುತ್ತ ಗಳು ಹಾಕಿ ದೋಣಿ ನೂಕಬಹುದು. ಮೇಲೆತ್ತಿ ನಿಲ್ಲಿಸಿದರೆ ಅದೇ ಗುಂಡಿಗೆ ಅಡ್ಡವಾಗುವ ಗೋಡೆ. ನದಿ ಬಲ್ಲವರನ್ನು ಕರೆಸಿ ಕೇಳಿದ. ಅವನ ಕೈಗೆ ಒಂದು ನಕ್ಷೆಯೂ ಬಂತು: ವೇಲ್ಸ್ ನಾಡಿನ ಜಾನ್ ಇವಾನ್ಸ್ ಎಂಬಾತ 1796ರಲ್ಲೇ ಮಿಸೌರಿಯ ಮೇಲೆ ಮಂಡನ್ ಜನರ ಹಳ್ಳಿಗಳ ತನಕ ಹೋಗಿ ಬರೆದದ್ದು.

ಇಲ್ಲಿ ಸ್ವಲ್ಪ ನಿಲ್ಲು. ಇವರು 1804ರ ಮೇ 14ರಿಂದ ಅಕ್ಟೋಬರ್ ಕೊನೆಯವರೆಗೆ ಎದುರುನೀರಿನಲ್ಲಿ ಎಳೆದದ್ದು 1,600 ಮೈಲಿ. ಆ ಅಷ್ಟೂ ದೂರಕ್ಕೆ ಯಾರೋ ಬರೆದ ನಕ್ಷೆ ಕೈಯಲ್ಲಿತ್ತು. ದೋಣಿ ಎಳೆಯುತ್ತಿದ್ದ ಫ್ರೆಂಚ್ ಅಂಬಿಗರು ಅದೇ ನೀರಿನಲ್ಲಿ ವ್ಯಾಪಾರ ಮಾಡಿದವರು. ಯಾರೂ ಕಾಣದ ನಾಡಿಗೆ ಹೊರಟವರು ಮೊದಲ ಐದೂವರೆ ತಿಂಗಳು ನಡೆದದ್ದು ಕಂಡವರ ದಾರಿಯಲ್ಲಿ. ಓದಿದ್ದನ್ನೇ ಓದಿದೆ, ಮಾಡಿದ್ದನ್ನೇ ಮಾಡಿದೆ ಅಂದೆಯಲ್ಲ ನೀನು, ಇಂಥ ಪುಟ ಕ್ಲಾರ್ಕನ ಪುಸ್ತಕದಲ್ಲಿ ನೂರಾರು ಇವೆ.

ಹೊರಟ ಮರುದಿನವೇ, ಮೇ 15ಕ್ಕೆ, ದೋಣಿ ನೀರೊಳಗಿನ ಮರದ ದಿಮ್ಮಿಗಳ ಮೇಲೆ ಮೂರು ಸಲ ಹತ್ತಿತು. ಕಾರಣ ಕ್ಲಾರ್ಕನೇ ಬರೆದಿದ್ದಾನೆ: ಹಿಂಭಾಗಕ್ಕೆ ಭಾರ ಹೆಚ್ಚು ಹೇರಿದ್ದೇವೆ. ನಮಗೆ ಅನ್ನಿಸುತ್ತದೆ, ಮೂತಿ ಹಗುರಾಗಿ ಮೇಲೆದ್ದಿದ್ದರೆ ದೋಣಿ ಸಲೀಸಾಗಿ ಹೋಗುತ್ತದೆ ಅಂತ. ಮಿಸೌರಿಯಲ್ಲಿ ಉಲ್ಟಾ. ಬುಡಮೇಲಾದ ಮರಗಳು ಕೆಸರಲ್ಲಿ ಹೂತು ಮುಳುಗಿರುತ್ತವೆ. ಹಗುರ ಮೂತಿ ಅದರ ಮೇಲೆ ಜಾರಿ ಹತ್ತಿಬಿಡುತ್ತದೆ, ಭಾರದ ಹೊಟ್ಟೆ ಸಿಕ್ಕಿಕೊಳ್ಳುತ್ತದೆ, ಆಗ ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಮೂತಿ ಭಾರವಾಗಿದ್ದರೆ ಮೊದಲ ಪೆಟ್ಟು ಅದಕ್ಕೇ. ಅಲ್ಲೇ ಗೊತ್ತಾಗುತ್ತದೆ, ಹಿಂದೆ ಸರಿದು ಬಳಸಿ ಹೋಗಬಹುದು. ಮೂತಿ ದಾಟಿತು ಅಂದರೆ ಮಿಕ್ಕದ್ದೂ ದಾಟಿತು. ನಿಮ್ಮ ಮನೆಯ ಹತ್ತಿರದ ಅದೇ ದಡದಲ್ಲಿ, ನಾನು ಬೂಟು ಕಟ್ಟಿಕೊಳ್ಳುತ್ತಿದ್ದ ಜಾಗದ ಸುತ್ತಮುತ್ತಲೆಲ್ಲೋ, ಅವರು ಐದು ದಿನ ನಿಂತು ಸಾಮಾನನ್ನೆಲ್ಲ ಇಳಿಸಿ ಹಿಂದಿನದನ್ನು ಮುಂದಕ್ಕೆ ಹೇರಿದರು.

ನೀನೂ ಹಿಂದೆ ಭಾರ ಹೇರಿದ್ದೀಯ ಅಂತ ನನಗೆ ಅನುಮಾನ. ಕಷ್ಟದ್ದನ್ನೆಲ್ಲ ‘ಮೂರನೇ ವರ್ಷ ನೋಡಿಕೊಳ್ಳೋಣ’ ಅಂತ ತಳ್ಳಿದ್ದೀಯ. ಕೆಟ್ಟ ಫಲಿತಾಂಶ ಬಂದದ್ದನ್ನು ಗೈಡಿಗೆ ತೋರಿಸದೆ ಡ್ರಾಯರಿನಲ್ಲಿ ಇಟ್ಟಿದ್ದೀಯ. ಅಮ್ಮ ಹೇಳಿದಳು, ಅವಳ ಮೇಲೆ ಸಿಟ್ಟಾಗಬೇಡ. ತಗುಲುವುದು ಮೂತಿಗೇ ತಗುಲಲಿ, ಮರಿ. ಸೋಮವಾರ ಕೆಟ್ಟದ್ದನ್ನು ಸೋಮವಾರವೇ ಹೋಗಿ ಹೇಳು.

ಮೇ 23ಕ್ಕೆ ಲೂಯಿಸ್ ಬಂಡೆಯೊಂದರ ನೆತ್ತಿ ಹತ್ತಿ ಜಾರಿದ, ಇಪ್ಪತ್ತು ಅಡಿ ಕೆಳಗೆ ಬಂದ ಮೇಲೆ ಚಾಕು ನಾಟಿಸಿ ಜೀವ ಉಳಿಸಿಕೊಂಡ. ತಂಡದ ಮುಖಂಡ, ಒಂಬತ್ತನೇ ದಿನ, ಬರೀ ನೋಡುವ ಚಪಲಕ್ಕೆ! ಇದರ ಬಗ್ಗೆ ನಾನೇನೂ ಹೇಳುವುದಿಲ್ಲ. ಹೋದ ಬೇಸಿಗೆಯಲ್ಲಿ ನೀನು ಬೆಟ್ಟದ ತುದಿಯಿಂದ ಕಳಿಸಿದ ಫೋಟೊ ಇನ್ನೂ ನನ್ನ ಫೋನಿನಲ್ಲಿದೆ.

ಮೇ 25ಕ್ಕೆ ಲಾ ಶರೆಟ್ ಎಂಬ ಊರು. ಏಳು ಸಣ್ಣ ಮನೆಗಳು, ಬಡವರು. ಹಾಲು ಮೊಟ್ಟೆ ಕಳಿಸಿದರಂತೆ. ಬಿಳಿಯರ ಕೊನೆಯ ಊರು ಅದು, ಮುಂದೆ ಖಾಲಿ ಅಂತ ಪುಸ್ತಕಗಳು ಬರೆಯುತ್ತವೆ. ಖಾಲಿ ಎಂಬ ಮಾತು ಓದಿದಾಗಲೆಲ್ಲ ನನಗೆ ನನ್ನ ನೌಕರಿಯ ಮೊದಲ ವರ್ಷ ನೆನಪಾಗುತ್ತದೆ.

ಯಲ್ಲಾಪುರದ ಕಡೆ, ಕಾಳಿ ಕೊಳ್ಳದ ಕಾಡು. ನನಗೆ ಇಪ್ಪತ್ಮೂರು. ಲೆವೆಲ್, ಚೈನು, ಖಲಾಸಿಗಳು ನಾಲ್ಕು ಜನ. ಹಳ್ಳದ ಆಚೆ ದಟ್ಟ ಪೊದೆ ನೋಡಿ ಫೀಲ್ಡ್ ಬುಕ್ಕಿನಲ್ಲಿ ದೊಡ್ಡದಾಗಿ ‘ದಾರಿಯಿಲ್ಲ’ ಅಂತ ಬರೆದು, ಕತ್ತಿಯಲ್ಲಿ ಸವರಿಸಲು ಶುರುಮಾಡಿಸಿದೆ. ಬೆಳಗ್ಗೆಯಿಂದ ಹನ್ನೊಂದರ ತನಕ ಸವರಿ ಐವತ್ತು ಮೀಟರ್ ಹೋಗಿರಬಹುದು. ಆಗ ಬಲಗಡೆಯ ಇಳಿಜಾರಿನಿಂದ ಒಬ್ಬ ಗೌಳಿ ಹೆಂಗಸು ತಲೆಯ ಮೇಲೆ ಹಾಲಿನ ತಂಬಿಗೆ ಇಟ್ಟುಕೊಂಡು ಇಳಿದು ಬಂದಳು. ಒಂದು ಎಲೆ ಅಲುಗಲಿಲ್ಲ. ನಮ್ಮನ್ನು ನೋಡಿ, ಸವರಿದ ಪೊದೆ ನೋಡಿ, ‘ಏನು ಕಳಕೊಂಡ್ರಿ?’ ಅಂದಳು. ಏನೋ ಬಿದ್ದುಹೋಗಿದೆ, ಹುಡುಕುತ್ತಿದ್ದಾರೆ ಅಂದುಕೊಂಡಿದ್ದಳು. ಅವಳು ದಿನಾ ಬರುವ ದಾರಿ ನಮ್ಮಿಂದ ಇಪ್ಪತ್ತು ಹೆಜ್ಜೆ ಆಚೆಗಿತ್ತು. ಹಿರಿಯ ಖಲಾಸಿ ಬಾಯಿಗೆ ಪಂಚೆ ಒತ್ತಿಕೊಂಡು ನಕ್ಕ. ನಾನು ಬರೆದದ್ದನ್ನು ಹೊಡೆದುಹಾಕಲಿಲ್ಲ. ಫೀಲ್ಡ್ ಬುಕ್ಕಿನಲ್ಲಿ ಅಳಿಸಬಾರದು. ಪಕ್ಕದಲ್ಲಿ ‘ನನಗೆ’ ಅಂತ ಸೇರಿಸಿದೆ. ನನಗೆ ದಾರಿಯಿಲ್ಲ.

ಮಿಸೌರಿಯ ಮೇಲೂ ಹಾಗೇ. ಓಟೊ, ಯಾಂಕ್ಟನ್, ಟೀಟನ್, ಅರಿಕಾರ, ಮಂಡನ್, ಹಿದಾತ್ಸ, ಒಂದಾದ ಮೇಲೊಂದು ಜನ. ಮಂಡನ್ ಮತ್ತು ಹಿದಾತ್ಸರ ಐದು ಹಳ್ಳಿಗಳಲ್ಲಿ ಒಟ್ಟು ನಾಲ್ಕು ಸಾವಿರಕ್ಕೂ ಹೆಚ್ಚು ಜನ. ಆಗಿನ ಸೇಂಟ್ ಲೂಯಿಸ್ ಅಷ್ಟು ದೊಡ್ಡದಿರಲಿಲ್ಲ. ಯಾರದ್ದೋ ಅಂಗಳದಲ್ಲಿ ನಿಂತು ಇನ್ನು ಮೇಲೆ ಈ ನೆಲದ ದೊರೆ ವಾಷಿಂಗ್ಟನ್ನಿನಲ್ಲಿದ್ದಾನೆ ಅಂತ ಭಾಷಣ ಮಾಡಿ, ಪದಕ ಹಂಚಿ ಮುಂದೆ ಹೋಗುತ್ತಿದ್ದರು. ಇದರ ಫಲ ಆ ಜನರ ಮೊಮ್ಮಕ್ಕಳಿಗೆ ಏನಾಯಿತೆಂದು ನಿನಗೆ ಗೊತ್ತು. ಇವರ ಶಿಸ್ತನ್ನು ಮೆಚ್ಚಿ ಬರೆಯುತ್ತಿದ್ದೇನೆ, ಆ ಭಾಷಣವನ್ನಲ್ಲ.

ಶಿಸ್ತು ಅಂದೆ, ಅದರ ಮುಖವೂ ಅಷ್ಟೇನೂ ಚೆನ್ನಾಗಿಲ್ಲ. ಜೂನ್ 29ಕ್ಕೆ, ಕಾವಲಿನವನೇ ವಿಸ್ಕಿ ಕದ್ದು ಕುಡಿದ. ಬರಿಬೆನ್ನಿಗೆ ನೂರು ಏಟು. ಜುಲೈನಲ್ಲಿ ಪಹರೆಯಲ್ಲಿ ನಿದ್ದೆ ಹೋದವನಿಗೂ ನೂರು, ನಾಲ್ಕು ಸಂಜೆಗೆ ಹಂಚಿ. ಅಕ್ಟೋಬರಿನಲ್ಲಿ ಎದುರು ಮಾತಾಡಿದವನಿಗೆ ಎಪ್ಪತ್ತೈದು. ಅದನ್ನು ನೋಡುತ್ತ ನಿಂತ ಅರಿಕಾರ ನಾಯಕನೊಬ್ಬ ಗಟ್ಟಿಯಾಗಿ ಅತ್ತುಬಿಟ್ಟನಂತೆ. ನಮ್ಮಲ್ಲಿ ಮಕ್ಕಳನ್ನು ಕೂಡ ಹೊಡೆಯುವುದಿಲ್ಲ ಅಂದ. ನಾಗರಿಕರು ಯಾರು ಅಂತ ಆ ಸಂಜೆ ದೋಣಿಯಲ್ಲಿ ಯಾರಾದರೂ ಕೇಳಿಕೊಂಡರೋ ಇಲ್ಲವೋ. ಇನ್ನು ಯಾರ್ಕ್ ಇದ್ದ, ಕ್ಲಾರ್ಕನ ಗುಲಾಮ. ಎಲ್ಲರ ಸಮ ಗೇದ, ಕೋವಿ ಹಿಡಿದ, ಬೇಟೆಯಾಡಿದ. ಹಿಂದಿರುಗಿದ ಮೇಲೆ ಸಿಪಾಯಿಗಳಿಗೆ ಇಮ್ಮಡಿ ಸಂಬಳ, 320 ಎಕರೆ ಜಮೀನು; ಅವನಿಗೆ ಸೊನ್ನೆ. ಬಿಡುಗಡೆಯನ್ನೂ ಕ್ಲಾರ್ಕ್ ವರ್ಷಗಟ್ಟಲೆ ಕೊಡಲಿಲ್ಲ. ನಿನ್ನ ಹೆಸರು ಮೊದಲು ಬರುವ ಪ್ರಬಂಧ ಅಚ್ಚಾದ ದಿನ, ಆ ಪ್ರಯೋಗಾಲಯದಲ್ಲಿ ಗಾಜು ತೊಳೆದವರ ಹೆಸರು ಬಂದಿದೆಯೇ ನೋಡು. ತೊಳೆದ ನೆನಪು ನಿನಗಿರುತ್ತದೆ.

ಆಗಸ್ಟ್ 18ಕ್ಕೆ ಲೂಯಿಸನಿಗೆ ಮೂವತ್ತು ತುಂಬಿತು. ಅದೇ ದಿನ, ಓಡಿಹೋಗಿ ಸಿಕ್ಕಿಬಿದ್ದವನ ವಿಚಾರಣೆ, ಶಿಕ್ಷೆ. ಕತ್ತಲಾದ ಮೇಲೆ ಒಂದೊಂದು ಗುಟುಕು ವಿಸ್ಕಿ ಹೆಚ್ಚಿಗೆ, ಹನ್ನೊಂದರ ತನಕ ಕುಣಿತ. ಪಿಟೀಲು ಬಾರಿಸುವವನು ಪಿಯರ್ ಕ್ರುಸಾಟ್, ಒಕ್ಕಣ್ಣಿನ ಅಂಬಿಗ, ನೀರು ನೋಡಿ ಅಡಿಯಲ್ಲಿ ಮರಳಿದೆಯೋ ಮರವಿದೆಯೋ ಹೇಳುತ್ತಿದ್ದವನು. ಎರಡು ದಿನ ಕಳೆದು ಆಗಸ್ಟ್ 20ಕ್ಕೆ ಸಾರ್ಜೆಂಟ್ ಚಾರ್ಲ್ಸ್ ಫ್ಲಾಯ್ಡ್ ತೀರಿಕೊಂಡ, ಇಪ್ಪತ್ತರ ಆಸುಪಾಸಿನ ಹುಡುಗ. ಹೊಟ್ಟೆನೋವು, ಅಪೆಂಡಿಕ್ಸ್ ಒಡೆದಿರಬೇಕೆಂದು ಈಗಿನವರ ಊಹೆ. ಫಿಲಡೆಲ್ಫಿಯಾದ ದೊಡ್ಡ ಡಾಕ್ಟರರ ಮುಂದೆಯೇ ಮಲಗಿದ್ದರೂ ಆಗ ಉಳಿಯುತ್ತಿರಲಿಲ್ಲ. ದಿಬ್ಬದ ಮೇಲೆ ಹೂತರು, ಪಕ್ಕದ ಹೊಳೆಗೆ ಅವನ ಹೆಸರಿಟ್ಟರು. ಇಡೀ ಪಯಣದಲ್ಲಿ ಅವರು ಕಳೆದುಕೊಂಡದ್ದು ಆ ಒಬ್ಬನನ್ನೇ. ಅವನ ಜಾಗಕ್ಕೆ ಯಾರು ಅಂತ ಕ್ಯಾಪ್ಟನ್‌ಗಳು ಆದೇಶ ಹೊರಡಿಸಲಿಲ್ಲ. ಹುಡುಗರಿಂದಲೇ ಮತ ಹಾಕಿಸಿದರು. ಪ್ಯಾಟ್ರಿಕ್ ಗಾಸ್ ಗೆದ್ದ, ಬಡಗಿ ಕೆಲಸದವನು. ಚಳಿಗಾಲಕ್ಕೆ ಮನೆ ಕಟ್ಟಬೇಕಾಗಿದೆ ಅಂತ ಹುಡುಗರಿಗೆ ಗೊತ್ತಿತ್ತು ನೋಡು.

ಈಗ ಶ್ಯಾನನ್. ಈ ಪತ್ರ ಬರೆಯುವುದಕ್ಕೆ ಮುಖ್ಯ ಕಾರಣವೇ ಅವನು. ಜಾರ್ಜ್ ಶ್ಯಾನನ್, ತಂಡದ ಅತಿ ಚಿಕ್ಕವರಲ್ಲೊಬ್ಬ. ಆಗಸ್ಟ್ 26ಕ್ಕೆ ತಪ್ಪಿಸಿಕೊಂಡ ಕುದುರೆ ಹುಡುಕಲು ಹೋದ. ಕುದುರೆ ಸಿಕ್ಕಿತು, ದೋಣಿ ಕಾಣಲಿಲ್ಲ. ಅಯ್ಯೋ, ಎಲ್ಲರೂ ಮುಂದೆ ಹೋಗಿಬಿಟ್ಟರು, ನಾನು ಹಿಂದುಳಿದೆ ಅಂತ ನದಿಯುದ್ದಕ್ಕೆ ಮೇಲಕ್ಕೆ ಓಡತೊಡಗಿದ. ದೋಣಿ ಇದ್ದದ್ದು ಅವನ ಹಿಂದೆ! ಅವನು ಓಡಿದಷ್ಟೂ ಅವರಿಂದ ದೂರ. ಗುಂಡು ಮುಗಿಯಿತು. ಎಮ್ಮೆಯಂಥ ಕಾಡುಪ್ರಾಣಿಗಳು ಸುತ್ತ ಮೇಯುತ್ತಿರಲು, ಇವನು ಹನ್ನೆರಡು ದಿನ ಕಾಡುದ್ರಾಕ್ಷಿ ತಿಂದು, ಕೋವಿಗೆ ಗಟ್ಟಿ ಕಡ್ಡಿಯೊಂದನ್ನು ತುಂಬಿ ಹೊಡೆದ ಒಂದು ಮೊಲದ ಮೇಲೆ ಬದುಕಿದ. ಕಡೆಗೆ ಕೈಚೆಲ್ಲಿ, ಕೆಳಕ್ಕೆ ಹೋಗುವ ವ್ಯಾಪಾರದ ದೋಣಿಯಾದರೂ ಬರಲಿ ಅಂತ ದಡದಲ್ಲಿ ಕೂತ. ಕೂತಾಗ ಸಿಕ್ಕಿದ, ಹದಿನಾರನೇ ದಿನ.

ನಿನ್ನ ಜೊತೆ ಸೇರಿದವರು ಪ್ರಬಂಧ ಕಳಿಸಿದರು, ಸಮ್ಮೇಳನಕ್ಕೆ ಹೋದರು ಅಂತ ಹೇಳುವಾಗ ನಿನ್ನ ದನಿಯಲ್ಲಿ ನನಗೆ ಕೇಳಿಸಿದ್ದು ಈ ಹುಡುಗನ ಏದುಸಿರು. ಯಾರ ದೋಣಿ ಎಲ್ಲಿದೆ ಅಂತ ನಿನಗೇನು ಗೊತ್ತು? ಓಡುವ ಮೊದಲು ಒಂದು ಸಂಜೆ ದಡದಲ್ಲಿ ಕೂತು ನೋಡು. ಕೆಳಗಿನಿಂದಲೂ ದೋಣಿ ಬರುತ್ತದೆ.

ಇನ್ನೊಂದು. ಈ ಮೊದಲ ವರ್ಷದ್ದು ಲೂಯಿಸನ ದಿನಚರಿಯಲ್ಲಿ ಹೆಚ್ಚೂಕಡಿಮೆ ಇಲ್ಲವೇ ಇಲ್ಲ. ಬರೆದು ಕಳೆದುಹೋಯಿತೋ, ಬರೆಯಲೇ ಇಲ್ಲವೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಾರೆ. ಭಾಷೆ ಚೆನ್ನಾಗಿದ್ದವನು ಅವನು. ನಮಗೆ ಆ ವರ್ಷ ಉಳಿದಿರುವುದು ಕ್ಲಾರ್ಕನಿಂದ, ಸಾರ್ಜೆಂಟರುಗಳಿಂದ. ಕ್ಲಾರ್ಕನಿಗೆ ಕಾಗುಣಿತ ದೇವರಿಗೇ ಪ್ರೀತಿ. ‘ಸೂ’ ಎಂಬ ಜನರ ಹೆಸರನ್ನೇ ಇಪ್ಪತ್ತಕ್ಕೂ ಹೆಚ್ಚು ಬಗೆಯಲ್ಲಿ ಬರೆದಿದ್ದಾನೆ. ಆದರೆ ದಿನ ತಪ್ಪಿಸಿದ್ದು ತೀರ ಅಪರೂಪ. ದಿಕ್ಕು ಎಷ್ಟು ಡಿಗ್ರಿ, ಅಂದಾಜು ಎಷ್ಟು ಮೈಲಿ, ಎಡಕ್ಕೆ ಯಾವ ಹಳ್ಳ, ಯಾರಿಗೆ ಕುರು ಎದ್ದಿದೆ, ಸೊಳ್ಳೆ ಎಷ್ಟಿದೆ. ಬೆನ್ನು ಸುಲಿದ ಸಂಜೆಯೂ ಬರೆದ, ಏನೂ ಆಗದ ಸಂಜೆಯೂ ಬರೆದ. ಅವನ ನಕ್ಷೆ ಹುಟ್ಟಿದ್ದು ಆ ಏನೂ ಆಗದ ಸಂಜೆಗಳನ್ನು ಕೂಡಿಸಿ. ನಿನ್ನ ನೋಟ್‌ಬುಕ್ಕಿನಲ್ಲಿ ಖಾಲಿ ತಾರೀಖು ಎಷ್ಟಿವೆ?

ಅಕ್ಟೋಬರ್ ಕೊನೆಗೆ ಮಂಡನ್ ಹಳ್ಳಿಗಳು. ನದಿ ಹೆಪ್ಪುಗಟ್ಟುವ ಕಾಲ. ಕೋಟೆ ಕಟ್ಟಿಕೊಂಡು ಮತ್ತೆ ಐದು ತಿಂಗಳು ಕೂತರು. ಒಂದು ದಿನ ಚಳಿ ಸೊನ್ನೆಯ ಕೆಳಗೆ 45 ಡಿಗ್ರಿ ಫ್ಯಾರನ್‌ಹೀಟ್. ಫೆಬ್ರವರಿಯ ಹೊತ್ತಿಗೆ ಹೊಟ್ಟೆ ತುಂಬಿಸಿದ್ದು ಮಂಡನ್ ಹೆಂಗಸರು ಬೆಳೆದು ಒಣಗಿಸಿಟ್ಟ ಮುಸುಕಿನ ಜೋಳ. ಅದಕ್ಕೆ ಬದಲು ಕೊಡಲು ಇವರ ಮಣಿ ಕನ್ನಡಿಗಳನ್ನು ಅಲ್ಲಿ ಕೇಳುವವರಿಲ್ಲ. ಆಗ ಕೈಹಿಡಿದವನು ಜಾನ್ ಶೀಲ್ಡ್ಸ್, ಕಮ್ಮಾರ. ಕುಲುಮೆ ಹೂಡಿ ಅವರ ಗುದ್ದಲಿ ತಿದ್ದಿಕೊಟ್ಟ, ಅವರು ಹೇಳಿದ ಆಕಾರಕ್ಕೆ ಕೊಡಲಿ ಬಡಿದುಕೊಟ್ಟ. ಸುಟ್ಟು ತೂತಾದ ಒಂದು ತಗಡಿನ ಒಲೆ ಇತ್ತು. ಅದನ್ನು ಕತ್ತರಿಸಿದರು, ಅಂಗೈಯಗಲದ, ನಾಲ್ಕಂಗುಲ ಚೌಕದ ಒಂದು ತುಂಡಿಗೆ ಏಳೆಂಟು ಗ್ಯಾಲನ್ ಜೋಳ. ಆ ತುಂಡಿನಿಂದ ಬಾಣದ ಮೊನೆ, ಚರ್ಮ ಕೆರೆಯುವ ಉಳಿ ಮಾಡಿಕೊಳ್ಳುತ್ತಿದ್ದರು ಊರವರು. ಫಿಲಡೆಲ್ಫಿಯಾದಲ್ಲಿ ಪಟ್ಟಿ ಮಾಡಿದಾಗ ಹಾಳಾದ ಒಲೆ ಅಂತ ಯಾರು ಬರೆಯುತ್ತಾರೆ! ನಿನ್ನ ಹತ್ತಿರ ಇರುವುದರಲ್ಲಿ ಆ ಜಾಗಕ್ಕೆ ಬೇಕಾದದ್ದು ಯಾವುದು ಅಂತ ಆ ಜಾಗವೇ ಹೇಳಬೇಕು. ನೀನು ಹೆಮ್ಮೆಪಡುವ ಸಾಮಾನೇ ಆಗಿರಬೇಕೆಂದಿಲ್ಲ. ಅಪ್ಪನಿಂದ ಕಲಿತು ನೀನು ಕೆಟ್ಟ ಪಂಪು ಬಿಚ್ಚಿ ಸರಿಮಾಡುತ್ತೀಯಲ್ಲ, ಅದನ್ನು ಆ ಪ್ರಯೋಗಾಲಯದಲ್ಲಿ ಯಾರಿಗಾದರೂ ಹೇಳಿದ್ದೀಯಾ?

ಆ ಚಳಿಗಾಲ ಅವರು ಹಿದಾತ್ಸರನ್ನು ಕೂರಿಸಿಕೊಂಡು ಕೇಳಿದ್ದೇ ಕೇಳಿದ್ದು. ಮುಂದೆ ಯಾವ ಹೊಳೆ ಸೇರುತ್ತದೆ, ಯಾವ ಕಡೆಯಿಂದ, ಎಷ್ಟು ದಿನದ ದಾರಿ. ಮುಂದೊಂದು ದೊಡ್ಡ ಜಲಪಾತ ಬರುತ್ತದೆ ಅಂತಲೂ ಅವರೇ ಹೇಳಿದ್ದು. ಮುಂದಿನ ಜೂನ್‌ನಲ್ಲಿ ನದಿ ಎರಡು ಕವಲಾದಾಗ ಯಾವುದು ನಿಜವಾದ ಮಿಸೌರಿ ಎಂಬ ಪ್ರಶ್ನೆ ಬಂತು. ಕದಡು ನೀರಿನ ಉತ್ತರದ ಕವಲೇ ಸರಿ ಅಂತ ಕ್ರುಸಾಟ್ ಸೇರಿ ಹುಡುಗರೆಲ್ಲ ಅಂದರು. ತಿಳಿನೀರಿನ ದಕ್ಷಿಣದ್ದು ಅಂದವರು ಇಬ್ಬರು ಕ್ಯಾಪ್ಟನ್‌ಗಳು ಮಾತ್ರ. ಲೂಯಿಸ್ ದಕ್ಷಿಣದ ಕವಲು ಹಿಡಿದು ನಡೆದ. ಜೂನ್ 13ಕ್ಕೆ ದೂರದಲ್ಲಿ ಹೊಗೆಯಂತೆ ಏಳುವ ತುಂತುರು ಕಂಡಿತು, ಮೊರೆತ ಕೇಳಿಸಿತು. ಕೂತು ಕಳೆದ ಚಳಿಗಾಲದಲ್ಲಿ ಕೇಳಿಸಿಕೊಂಡ ಒಂದು ಮಾತು ಅದು. ನಿನ್ನ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷದಿಂದ ಇರುವ ಟೆಕ್ನಿಷಿಯನ್ ಒಬ್ಬರಿದ್ದಾರೆ ಅಂದಿದ್ದೆ. ಅವರ ಜೊತೆ ಚಹಾ ಕುಡಿ.

1805ರ ಏಪ್ರಿಲ್ 7ಕ್ಕೆ ಮಂಜು ಕರಗಿ ದಾರಿ ತೆರೆಯಿತು. ದೊಡ್ಡ ದೋಣಿಯನ್ನು ಕೆಳಕ್ಕೆ ಕಳಿಸಿದರು. ಅದರಲ್ಲಿ ಮೊದಲ ವರ್ಷದ ಸಂಪಾದನೆಯೆಲ್ಲ ಇತ್ತು: ನಕ್ಷೆ, ಒಣಗಿಸಿದ ಗಿಡ, ಚರ್ಮ, ಕೊಂಬು, ಮಣ್ಣಿನ ಮಾದರಿ, ಪಂಜರದಲ್ಲಿ ಜೀವಂತ ಹಕ್ಕಿಗಳು, ಮತ್ತೆ ಒಂದು ಪ್ರೇರಿ ನಾಯಿ. ಹೆಸರಿಗೆ ನಾಯಿ, ನೋಡಲು ದೊಡ್ಡ ಅಳಿಲು. ಸೆಪ್ಟೆಂಬರಿನಲ್ಲಿ ಅದರ ಬಿಲಕ್ಕೆ ಪೀಪಾಯಿಗಟ್ಟಲೆ ನೀರು ಹೊಯ್ದು ಇಡೀ ದಿನ ಒದ್ದಾಡಿ ಹಿಡಿದಿದ್ದರು. ದೊಡ್ಡ ದೋಣಿಯನ್ನು ಕಳಿಸಿದ ದಿನ ಸಂಜೆಯೇ ಉಳಿದ ಮೂವತ್ತಮೂರು ಜನ ಮೇಲ್ಮುಖವಾಗಿ ಹೊರಟರು, ಆರು ಸಣ್ಣ ದೋಣಿ, ಎರಡು ದೊಡ್ಡದು. ಆ ಗುಂಪಿನಲ್ಲಿ ಸಕಾಗವಿಯಾ ಎಂಬ ಶೊಶೋನಿ ಹುಡುಗಿ, ಅವಳ ಬೆನ್ನಲ್ಲಿ ಎರಡು ತಿಂಗಳು ತುಂಬದ ಕೂಸು. ಲೂಯಿಸನ ಬರವಣಿಗೆ ಸರಿಯಾಗಿ ಶುರುವಾಗುವುದು ಅವತ್ತಿನಿಂದ. ಇಬ್ಬರು ಕ್ಯಾಪ್ಟನ್‌ಗಳು ಜೊತೆಗೂಡಿ ಒಂದೂವರೆ ವರ್ಷ, ಹಣ ಮಂಜೂರಾಗಿ ಎರಡು ವರ್ಷ ದಾಟಿತ್ತು.

ಪ್ರೇರಿ ನಾಯಿ ನದಿಯಿಳಿದು, ನ್ಯೂ ಆರ್ಲಿಯನ್ಸಿನಿಂದ ಹಡಗು ಹತ್ತಿ, ಆಗಸ್ಟಿನಲ್ಲಿ ಅಧ್ಯಕ್ಷರ ಮನೆಗೆ ಜೀವಸಹಿತ ಮುಟ್ಟಿತು. ಅದೇ ತಿಂಗಳು ಲೂಯಿಸ್, ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟು ನಿಲ್ಲಬಹುದಾದಷ್ಟು ಕಿರಿದಾದ ಝರಿಯಲ್ಲಿ ಮಿಸೌರಿಯ ನೀರು ಕುಡಿದು, ಏಣು ದಾಟಿ, ಪಡುವಣಕ್ಕೆ ಹರಿಯುವ ನೀರನ್ನೂ ಕುಡಿದ.

ನಿನ್ನಜ್ಜಿ ಸಾರಿನ ಪುಡಿ, ಮೆಂತ್ಯದ ಹಿಟ್ಟು, ಒಂದು ಬಾಟ್ಲಿ ಅಪ್ಪೆಮಿಡಿ ಕಟ್ಟುತ್ತಿದ್ದಾಳೆ. ಬರುವ ತಿಂಗಳು ನಿನ್ನ ಮಾವನ ಕೈಯಲ್ಲಿ ಬರುತ್ತದೆ. ಲೂಯಿಸನ 193 ಪೌಂಡು ಒಣ ಸಾರನ್ನು ಅವನ ಹುಡುಗರು ಬೇರೇನೂ ಸಿಕ್ಕದ ದಿನ ಮಾತ್ರ, ಮುಖ ಸಿಂಡರಿಸಿ ಕುಡಿದರಂತೆ. ಇದನ್ನು ಹೇಳಿದೆ. ‘ಅದು ಯಾರು ಮಾಡಿದ ಪುಡಿಯೋ’ ಅಂದಳು.

ನಿನ್ನ
ಅಜ್ಜ